120 ಡಿಬಿಯ ಲೆಕ್ಕ: ಸಿಎಸ್5381 ಚಿಪ್ಪಿನಿಂದ ಎರಡು ಚಾನೆಲ್ ಎಡಿಸಿ ಕಟ್ಟುವುದು

ಸಿಎಸ್5381 ಒಂದು ಎಡಿಸಿ, ಅಂದರೆ ಅನಲಾಗ್ ಸಂಕೇತವನ್ನು ಅಂಕಿಗಳಾಗಿಸುವ ಚಿಪ್ಪು. ಅದರ ಡೇಟಾಶೀಟಿನ ಮೊದಲ ಪುಟದಲ್ಲಿ ಡೈನಾಮಿಕ್ ರೇಂಜ್ (ಅತಿ ದೊಡ್ಡ ಸಂಕೇತಕ್ಕೂ ಚಿಪ್ಪಿನ ಸ್ವಂತ ನಾಯ್ಸ್‌ಗೂ ಇರುವ ಅಂತರ) 120 ಡಿಬಿ ಎಂದಿರುತ್ತದೆ. ಅದೇ ಚಿಪ್ಪನ್ನು ಬೋರ್ಡಿಗೆ ಬೆಸೆದು, ಇನ್‌ಪುಟ್ ಶಾರ್ಟ್ ಮಾಡಿ ಅಳೆದರೆ 108 ಬರುತ್ತದೆ, ಅದೃಷ್ಟ ಚೆನ್ನಾಗಿದ್ದರೆ 110. ನಡುವಿನ ಹತ್ತು ಡಿಬಿ ಎಲ್ಲಿ ಸೋರಿಹೋಯಿತು ಎಂದು ಹುಡುಕುವುದರಲ್ಲೇ ಎಡಿಸಿ ಕಟ್ಟುವವರ ಮುಕ್ಕಾಲು ಸಮಯ ಕಳೆಯುತ್ತದೆ. ಸೋರುವ ಜಾಗಗಳು ಹೆಚ್ಚೇನಿಲ್ಲ, ಐದಾರು ಇರಬಹುದು. ಅವನ್ನು ಮೊದಲೇ ಗೊತ್ತುಮಾಡಿಕೊಂಡು ಕಟ್ಟಿದರೆ ಆಮೇಲೆ ಹುಡುಕಾಡುವುದು ತಪ್ಪುತ್ತದೆ.

ಇಲ್ಲಿ ಕಟ್ಟುತ್ತಿರುವುದು ಲೈನ್ ಮಟ್ಟದ ಬ್ಯಾಲೆನ್ಸ್ಡ್ (ಒಂದೇ ಸಂಕೇತವನ್ನು ಎರಡು ತಂತಿಯಲ್ಲಿ ತಿರುವುಮುರುವಾಗಿ ತರುವ) ಇನ್‌ಪುಟ್ ಇರುವ ಸ್ಟೀರಿಯೋ ಎಡಿಸಿ. 48, 96, 192 ಕಿಲೋಹರ್ಟ್ಸ್‌ನಲ್ಲಿ 24 ಬಿಟ್. ಹೊರಗೆ ಬರುವುದು ಐ2ಎಸ್, ಅಂದರೆ ಚಿಪ್ಪುಗಳ ನಡುವೆ ಆಡಿಯೋ ಅಂಕಿ ಸಾಗಿಸುವ ಡಿಜಿಟಲ್ ಸಾಲು; ಅದನ್ನು ಐಸೋಲೇಟರ್ (ಎರಡು ಬದಿಯ ನಡುವೆ ತಂತಿ ಸಂಪರ್ಕವಿಲ್ಲದೆ ಸಂಕೇತವನ್ನಷ್ಟೇ ದಾಟಿಸುವ ಚಿಪ್ಪು) ದಾಟಿಸಿ ಯುಎಸ್‌ಬಿ ಬೋರ್ಡಿಗೆ ಕೊಡುವುದು. ಮೈಕ್ ಪ್ರೀಆಂಪ್ ಬೇರೆಯೇ ಇರುತ್ತದೆ ಎಂದುಕೊಳ್ಳಿ.

ಸಿಎಸ್5381 ಸುಮಾರು ಎರಡು ದಶಕದಷ್ಟು ಹಳೆಯ ಚಿಪ್ಪು. ಕಾಗದದ ಮೇಲೆ ಇದನ್ನು ಮೀರಿಸುವವು ಈಗ ಬೇಕಾದಷ್ಟಿವೆ. ಆದರೂ ಕೈಯಲ್ಲಿ ಕಟ್ಟುವವರಿಗೆ ಇದೇ ಸರಿ ಎನ್ನಲು ಎರಡು ಕಾರಣ. ಒಂದು, 24 ಕಾಲಿನ ಎಸ್‌ಒಐಸಿ ಪ್ಯಾಕೇಜಿನಲ್ಲಿ ಸಿಗುತ್ತದೆ. ಕಾಲುಗಳ ನಡುವೆ 1.27 ಮಿ.ಮೀ. ಜಾಗವಿರುವುದರಿಂದ ಸಾಧಾರಣ ಸಾಲ್ಡರಿಂಗ್ ಐರನ್ ಸಾಕು. ಇನ್ನೊಂದು, ಎಲ್ಲ ಸೆಟ್ಟಿಂಗೂ ಕಾಲುಗಳನ್ನು ಮೇಲಕ್ಕೋ ಕೆಳಕ್ಕೋ ಕಟ್ಟಿದರೆ ಆಗಿಹೋಗುತ್ತದೆ. ಮೈಕ್ರೋಕಂಟ್ರೋಲರ್ ಬೇಡ, ಕೋಡ್ ಬೇಡ, ಅದರ ಗಲಾಟೆಯೂ ಬೋರ್ಡಿನ ಮೇಲಿರುವುದಿಲ್ಲ.

ಮೊದಲು ಬಜೆಟ್

5 ವೋಲ್ಟ್ ಕೊಟ್ಟಾಗ ಈ ಚಿಪ್ಪಿನ ಫುಲ್ ಸ್ಕೇಲ್ (ಅದು ಅಳೆಯಬಲ್ಲ ಅತಿ ದೊಡ್ಡ ಸಂಕೇತ) ಸುಮಾರು 5.65 ವೋಲ್ಟ್ ಪೀಕ್-ಟು-ಪೀಕ್ ಡಿಫರೆನ್ಷಿಯಲ್, ಅಂದರೆ 2 ವೋಲ್ಟ್ ಆರ್‌ಎಂಎಸ್. 120 ಡಿಬಿ ಎಂಬುದು ಎ-ವೇಟೆಡ್ ಅಂಕಿ, ಅಂದರೆ ಕಿವಿಗೆ ಕಡಿಮೆ ಕೇಳುವ ಆವರ್ತನಗಳನ್ನು ತಗ್ಗಿಸಿ ಎಣಿಸಿದ್ದು. ವೇಟಿಂಗ್ ತೆಗೆದರೆ 117. ಎರಡು ವೋಲ್ಟ್‌ಗಿಂತ 117 ಡಿಬಿ ಕೆಳಗೆ ಎಂದರೆ 2.8 ಮೈಕ್ರೋವೋಲ್ಟ್. 20 ಕಿಲೋಹರ್ಟ್ಸ್ ಅಗಲದಲ್ಲಿ ಚಿಪ್ಪಿನ ಸ್ವಂತ ನಾಯ್ಸ್ ಇಷ್ಟು. ಇನ್ನು ಮುಂದೆ ಹಾಕುವ ಪ್ರತಿ ರೆಸಿಸ್ಟರನ್ನೂ ಈ 2.8ರ ಪಕ್ಕದಲ್ಲಿಟ್ಟು ನೋಡಬೇಕು.

ನಾಯ್ಸ್‌ಗಳು ನೇರವಾಗಿ ಕೂಡುವುದಿಲ್ಲ, ವರ್ಗ ಮಾಡಿ ಕೂಡುತ್ತವೆ. ಚಿಪ್ಪಿನ ಮುಂದೆ ಕೂರುವ ಇನ್‌ಪುಟ್ ಹಂತದ ನಾಯ್ಸ್ ಅರ್ಧ ಮೈಕ್ರೋವೋಲ್ಟ್ ಇದ್ದರೆ ಒಟ್ಟು 2.87 ಆಗುತ್ತದೆ, ನಷ್ಟ 0.13 ಡಿಬಿ. ಒಂದೂವರೆ ಮೈಕ್ರೋವೋಲ್ಟ್ ಆದರೆ ನಷ್ಟ ಒಂದು ಡಿಬಿ ದಾಟುತ್ತದೆ. ಗುರಿ ಅರ್ಧ ಮೈಕ್ರೋವೋಲ್ಟ್.

ಇನ್‌ಪುಟ್ ಹಂತ

ಚಿಪ್ಪಿನ ಮುಂದೆ ಒಪಿಎ1632, ಚಾನೆಲ್‌ಗೆ ಒಂದು. ಇದು ಪೂರ್ತಿ ಡಿಫರೆನ್ಷಿಯಲ್ ಆಂಪ್. ಇನ್‌ಪುಟ್ ನಾಯ್ಸ್ ರೂಟ್ ಹರ್ಟ್ಸ್‌ಗೆ 1.3 ನ್ಯಾನೋವೋಲ್ಟ್. ಪ್ರತಿ ಕಾಲಿಗೂ ಇನ್‌ಪುಟ್ ರೆಸಿಸ್ಟರ್ 1 ಕಿಲೋಓಮ್, ಫೀಡ್‌ಬ್ಯಾಕ್ 270 ಓಮ್, ಅದಕ್ಕೆ ಅಡ್ಡಲಾಗಿ 1 ಎನ್‌ಎಫ್. ಔಟ್‌ಪುಟ್‌ನಿಂದ ಎಡಿಸಿ ಕಾಲಿಗೆ 40 ಓಮ್, ಎಡಿಸಿಯ ಎರಡು ಕಾಲುಗಳ ನಡುವೆ 2.7 ಎನ್‌ಎಫ್. ಗೇನ್ 0.27. ಹಾಗಾಗಿ ಫುಲ್ ಸ್ಕೇಲ್ ತಲುಪುವುದು 7.4 ವೋಲ್ಟ್ ಆರ್‌ಎಂಎಸ್‌ನಲ್ಲಿ, ಅಂದರೆ +19.6 ಡಿಬಿಯು (0.775 ವೋಲ್ಟನ್ನು ಸೊನ್ನೆ ಎಂದಿಟ್ಟುಕೊಂಡ ಡಿಬಿ). ಸ್ಟುಡಿಯೋದ +4 ಡಿಬಿಯು ಲೈನಿನ ಮೇಲೆ ಹದಿನೈದೂವರೆ ಡಿಬಿ ಜಾಗ ಉಳಿಯುತ್ತದೆ.

ನಾಯ್ಸ್ ಲೆಕ್ಕ ಹೀಗೆ. ಔಟ್‌ಪುಟ್‌ನಲ್ಲಿ ನೋಡಿದರೆ ಎರಡು 1 ಕಿಲೋಓಮ್‌ಗಳಿಂದ 1.55 ನ್ಯಾನೋವೋಲ್ಟ್, ಎರಡು 270 ಓಮ್‌ಗಳಿಂದ 3, ಆಂಪಿನಿಂದ 1.65. ವರ್ಗ ಮಾಡಿ ಕೂಡಿದರೆ ರೂಟ್ ಹರ್ಟ್ಸ್‌ಗೆ 3.75, 20 ಕಿಲೋಹರ್ಟ್ಸ್ ಅಗಲಕ್ಕೆ 0.53 ಮೈಕ್ರೋವೋಲ್ಟ್. ಗುರಿ ಮುಟ್ಟಿತು. ಇನ್‌ಪುಟ್ ಇಂಪೀಡೆನ್ಸ್ ಕೇವಲ 2 ಕಿಲೋಓಮ್ ಆಯಿತಲ್ಲ, ಅದನ್ನು 20 ಕಿಲೋಓಮ್ ಮಾಡೋಣ ಎಂದು ಎಲ್ಲ ರೆಸಿಸ್ಟರನ್ನೂ ಹತ್ತುಪಟ್ಟು ಏರಿಸಿದರೆ ಇದೇ ಲೆಕ್ಕ 1.5 ಮೈಕ್ರೋವೋಲ್ಟ್‌ಗೆ ಹಾರುತ್ತದೆ. ಒಂದು ಡಿಬಿಗಿಂತ ಹೆಚ್ಚು ಅಲ್ಲೇ ಹೋಯಿತು. ಇಂದಿನ ಪ್ರೀಆಂಪ್‌ಗಳು 2 ಕಿಲೋಓಮ್ ಅನ್ನು ಸುಲಭವಾಗಿ ಎಳೆಯುತ್ತವೆ. ಹಳೆಯ ವಾಲ್ವ್ ಉಪಕರಣ ಜೋಡಿಸುವವರು ಮಾತ್ರ ನಡುವೆ ಬಫರ್ ಹಾಕಿಕೊಳ್ಳಲಿ.

ರೆಸಿಸ್ಟರ್‌ಗಳು 0.1 ಶೇಕಡಾ ಥಿನ್ ಫಿಲ್ಮ್ ಆಗಿರಲಿ. ನಾಯ್ಸ್‌ಗಿಂತ ಹೆಚ್ಚಾಗಿ ಇದು ಹಮ್‌ನ ಪ್ರಶ್ನೆ. 1 ಶೇಕಡಾ ಹಾಕಿದರೆ ಕಾಮನ್-ಮೋಡ್ ನಿರಾಕರಣೆ (ಎರಡೂ ತಂತಿಗೆ ಸಮನಾಗಿ ಹತ್ತಿದ ಹಮ್ಮನ್ನು ತಳ್ಳಿಹಾಕುವ ಶಕ್ತಿ) ಅತಿ ಕೆಟ್ಟ ಸಂದರ್ಭದಲ್ಲಿ 30 ಡಿಬಿಗೆ ಇಳಿಯುತ್ತದೆ, 0.1 ಶೇಕಡಾದಲ್ಲಿ 50.

ಇನ್‌ಪುಟ್‌ನಲ್ಲಿ ಕಪ್ಲಿಂಗ್ ಕೆಪಾಸಿಟರ್ ಬೇಕೇ? ಬೇಕು. ಆಂಪಿನ ಔಟ್‌ಪುಟ್ 2.5 ವೋಲ್ಟ್‌ನಲ್ಲಿ ಕೂತಿರುತ್ತದೆ, ಕೇಬಲ್ಲಿನ ಆಚೆ ಬದಿ ಸೊನ್ನೆಯಲ್ಲಿರುತ್ತದೆ. ಕೆಪಾಸಿಟರ್ ಇಲ್ಲದಿದ್ದರೆ ಪ್ರತಿ ಕಾಲಿನಲ್ಲೂ 2 ಮಿಲಿಆಂಪ್ ಡಿಸಿ ಕೇಬಲ್ ಮೂಲಕ ಪ್ರೀಆಂಪಿಗೆ ಹರಿಯುತ್ತಲೇ ಇರುತ್ತದೆ. 100 ಮೈಕ್ರೋಫ್ಯಾರಡ್, 63 ವೋಲ್ಟ್, ಬೈಪೋಲಾರ್ ಎಲೆಕ್ಟ್ರೋಲಿಟಿಕ್ ಹಾಕಿ. ಕೆಳಗಿನ ಕಟ್-ಆಫ್ 1.6 ಹರ್ಟ್ಸ್ ಆಗುತ್ತದೆ. ಬೈಪೋಲಾರೇ ಏಕೆಂದರೆ, ಯಾರಾದರೂ ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ (ಮೈಕಿಗಾಗಿ ಕೇಬಲ್ಲಿನಲ್ಲೇ ಕಳಿಸುವ ವೋಲ್ಟೇಜ್) ಇರುವ ಕೇಬಲ್ಲನ್ನು ಇಲ್ಲಿಗೆ ಚುಚ್ಚುವ ದಿನ ಬಂದೇ ಬರುತ್ತದೆ. ಸಾಕೆಟ್ ಬದಿಯಲ್ಲಿ ಪ್ರತಿ ಕಾಲಿನಿಂದ ಗ್ರೌಂಡಿಗೆ 22 ಕಿಲೋಓಮ್ ಇಟ್ಟರೆ ಕೇಬಲ್ ಚುಚ್ಚಿದಾಗ ಬರುವ ಢಬ್ ಸದ್ದು ತಗ್ಗುತ್ತದೆ.

ಇಲ್ಲೊಂದು ಸೂಕ್ಷ್ಮ. 50 ಹರ್ಟ್ಸ್‌ನಲ್ಲಿ 100 ಮೈಕ್ರೋಫ್ಯಾರಡ್ ಎಂದರೆ 32 ಓಮ್. ಎಲೆಕ್ಟ್ರೋಲಿಟಿಕ್‌ಗಳಲ್ಲಿ 20 ಶೇಕಡಾ ವ್ಯತ್ಯಾಸ ಮಾಮೂಲು. ಎರಡು ಕಾಲುಗಳ ನಡುವೆ ಅಷ್ಟು ಅಂತರ ಬಿದ್ದರೆ 50 ಹರ್ಟ್ಸ್‌ನ ಹಮ್ ನಿರಾಕರಣೆ ಸುಮಾರು 45 ಡಿಬಿಗೆ ಇಳಿದು, 0.1 ಶೇಕಡಾ ರೆಸಿಸ್ಟರಿಗೆ ಕೊಟ್ಟ ದುಡ್ಡು ದಂಡವಾಗುತ್ತದೆ. ಹತ್ತು ಕೆಪಾಸಿಟರ್ ತಂದು ಎಲ್‌ಸಿಆರ್ ಮೀಟರಿನಲ್ಲಿ ಅಳೆದು, 2 ಶೇಕಡಾ ಒಳಗೆ ಹೊಂದುವ ಜೋಡಿಗಳನ್ನು ಆರಿಸಿ.

ಒಪಿಎ1632ರ ಔಟ್‌ಪುಟ್ ನಡುಮಟ್ಟವನ್ನು ಅದರ ವಿಒಸಿಎಂ ಕಾಲು ನಿರ್ಧರಿಸುತ್ತದೆ. ಎಡಿಸಿಯ ವಿಕ್ಯೂ ಕಾಲಿನಲ್ಲಿ 2.5 ವೋಲ್ಟ್ ಸಿದ್ಧವಾಗಿ ಸಿಗುತ್ತದೆ. ಎರಡನ್ನೂ ನೇರವಾಗಿ ತಂತಿಯಲ್ಲಿ ಸೇರಿಸಿಬಿಡುವುದು ಬಹಳ ಜನ ಮಾಡುವ ತಪ್ಪು. ವಿಕ್ಯೂ ತೀರ ದುರ್ಬಲ ಮೂಲ. ಆಂಪಿನ ಒಳಗಿನ ರೆಸಿಸ್ಟರ್‌ಗಳು ಅದನ್ನು ಸೊನ್ನೆಯ ಕಡೆಗೆ ಎಳೆದು ಹಾಕುತ್ತವೆ. ನಡುವೆ ಒಂದು ಒಪಿಎ134 ಬಫರ್, ಅದರ ಔಟ್‌ಪುಟ್‌ಗೆ 47 ಓಮ್, ಆಮೇಲೆ ಪ್ರತಿ ವಿಒಸಿಎಂ ಕಾಲಿನ ಬುಡದಲ್ಲೇ 100 ಎನ್‌ಎಫ್. ಎರಡೂ ಚಾನೆಲ್‌ಗೆ ಒಂದೇ ಬಫರ್ ಸಾಕು.

ಆಂಪಿಗೆ ±15 ವೋಲ್ಟ್ ಕೊಡುವ ಆಸೆ ಬೇಡ. ಪ್ರತಿ ಔಟ್‌ಪುಟ್ 1.1ರಿಂದ 3.9 ವೋಲ್ಟ್ ನಡುವೆ ಮಾತ್ರ ಓಡಾಡಬೇಕು. ±15 ಇದ್ದರೆ ಓವರ್‌ಲೋಡ್ ಆದಾಗ ಅದು 13 ವೋಲ್ಟ್‌ಗೆ ಹಾರಿ, 40 ಓಮ್ ಮೂಲಕ ಎಡಿಸಿಯ ಕಾಲನ್ನು ಸುಟ್ಟುಬಿಡುತ್ತದೆ. ±8 ವೋಲ್ಟ್ ಕೊಡಿ. ಜೊತೆಗೆ ಎಡಿಸಿಯ ಪ್ರತಿ ಇನ್‌ಪುಟ್ ಕಾಲಿಗೂ ಒಂದು ಬಿಎಟಿ54ಎಸ್ ಶಾಟ್ಕಿ ಜೋಡಿ, ಒಂದು ಡಯೋಡ್ 5 ವೋಲ್ಟ್‌ಗೆ, ಇನ್ನೊಂದು ಗ್ರೌಂಡಿಗೆ. ಡಯೋಡ್ ಮೇಲಕ್ಕೆ ತಳ್ಳುವ ಕರೆಂಟನ್ನು ರೆಗ್ಯುಲೇಟರ್ ನುಂಗಲಾರದು, ಅದು ಕೊಡಬಲ್ಲದು ಅಷ್ಟೇ. ಹಾಗಾಗಿ 5 ವೋಲ್ಟ್ ಸಾಲಿನಿಂದ ಗ್ರೌಂಡಿಗೆ 220 ಓಮ್, ಕಾಲು ವಾಟ್ ಬ್ಲೀಡರ್ ಹಾಕಿ. 23 ಮಿಲಿಆಂಪ್ ಅದರಲ್ಲಿ ಹೋಗುತ್ತದೆ.

ಆ 2.7 ಎನ್‌ಎಫ್ ಏಕೆ ಅಷ್ಟು ಮುಖ್ಯ

ಎಡಿಸಿಯ ಇನ್‌ಪುಟ್ ಕಾಲು ಸುಮ್ಮನೆ ಕೂತು ವೋಲ್ಟೇಜ್ ನೋಡುವುದಿಲ್ಲ. ಒಳಗೆ ಒಂದು ಪುಟ್ಟ ಕೆಪಾಸಿಟರ್ ಸೆಕೆಂಡಿಗೆ 61 ಲಕ್ಷ 44 ಸಾವಿರ ಸಲ ಆ ಕಾಲಿಗೆ ಅಂಟಿಕೊಂಡು ಚಾರ್ಜ್ ಹೀರಿ ಬಿಡುತ್ತದೆ, ಬಾವಿಗೆ ಬಿಂದಿಗೆ ಇಳಿಸಿ ಎತ್ತಿದ ಹಾಗೆ. ಒಂದು ಸುತ್ತಿಗೆ 163 ನ್ಯಾನೋಸೆಕೆಂಡ್. ಅಷ್ಟರಲ್ಲಿ ಹೀರಿದ ಚಾರ್ಜ್ ತುಂಬಿ, ವೋಲ್ಟೇಜ್ ಮತ್ತೆ ತನ್ನ ಮಟ್ಟಕ್ಕೆ ನಿಲ್ಲಬೇಕು. ಎಂಥ ಆಂಪ್ ಆದರೂ ಇಷ್ಟು ಚುರುಕಾಗಿ ಒಂದೇ ಸಮನೆ ಇದನ್ನು ಮಾಡುವುದು ಕಷ್ಟ. ಕಾಲಿನ ಬುಡದಲ್ಲಿರುವ 2.7 ಎನ್‌ಎಫ್ ಆ ತುರ್ತಿನ ಚಾರ್ಜನ್ನು ತಾನೇ ಕೊಟ್ಟು, ಆಂಪಿಗೆ ನಿಧಾನವಾಗಿ ತುಂಬಲು ಬಿಡುತ್ತದೆ.

ಹೀಗಿರುವುದರಿಂದ ಆ ಕೆಪಾಸಿಟರಿನ ಕೆಪಾಸಿಟನ್ಸ್ ವೋಲ್ಟೇಜ್ ಜೊತೆ ಬದಲಾಗಬಾರದು. ಎಕ್ಸ್7ಆರ್ ಸೆರಾಮಿಕ್‌ನಲ್ಲಿ ಬದಲಾಗುತ್ತದೆ, ಮೂರನೇ ಹಾರ್ಮೋನಿಕ್ ಎದ್ದು ಕಾಣುತ್ತದೆ. ಸಿ0ಜಿ ಸೆರಾಮಿಕ್ ಹಾಕಿ. ಎನ್‌ಪಿ0 ಎಂದರೂ ಅದೇ. ಫೀಡ್‌ಬ್ಯಾಕಿನ 1 ಎನ್‌ಎಫ್ ಕೂಡ ಸಿ0ಜಿಯೇ ಆಗಬೇಕು. ಅಂಗಡಿಯ ಡಬ್ಬಿಯಲ್ಲಿ ಚೀಟಿ ಅದಲುಬದಲಾಗಿರುವುದು ಸಾಮಾನ್ಯ. ಅನುಮಾನವಿದ್ದರೆ ಎಲ್‌ಸಿಆರ್ ಮೀಟರಿಗೆ ಸಿಕ್ಕಿಸಿ ಹೇರ್ ಡ್ರೈಯರಿನ ಬಿಸಿ ಗಾಳಿ ಹಿಡಿಯಿರಿ. ಸಿ0ಜಿ ಆದರೆ ಅಂಕಿ ಅಲುಗುವುದಿಲ್ಲ. 50 ಡಿಗ್ರಿ ಏರಿದರೂ ವ್ಯತ್ಯಾಸ 0.15 ಶೇಕಡಾ ಮೀರದು. ಎಕ್ಸ್7ಆರ್ ಆದರೆ ಕಣ್ಣೆದುರೇ ಜಾರುತ್ತದೆ.

ಅಷ್ಟು ವೇಗವಾಗಿ ಸ್ಯಾಂಪಲ್ ಮಾಡುವುದರಲ್ಲೇ ಈ ಚಿಪ್ಪು ಬಳಸುವ ಡೆಲ್ಟಾ-ಸಿಗ್ಮಾ ವಿಧಾನದ ಗುಟ್ಟಿದೆ. 48 ಕಿಲೋಹರ್ಟ್ಸ್‌ನ 128 ಪಟ್ಟು ವೇಗದಲ್ಲಿ, ಆದರೆ ಪ್ರತಿ ಸಲ ಕೆಲವೇ ಮಟ್ಟಗಳ ಒರಟು ಅಳತೆ. ಬರೀ ವೇಗ ಹೆಚ್ಚಿಸಿದರೆ ದುಪ್ಪಟ್ಟಿಗೆ 3 ಡಿಬಿ ಲಾಭ. 128 ಎಂದರೆ ಏಳು ದುಪ್ಪಟ್ಟು, 21 ಡಿಬಿ, ಮೂರೂವರೆ ಬಿಟ್. ಅಷ್ಟರಿಂದ 120 ಡಿಬಿ ಬರುವುದಿಲ್ಲ. ಪ್ರತಿ ಅಳತೆಯ ತಪ್ಪನ್ನು ಹಿಂದಕ್ಕೆ ತಂದು ಮುಂದಿನ ಅಳತೆಯಿಂದ ಕಳೆಯುವ ಫೀಡ್‌ಬ್ಯಾಕ್ ಕುಣಿಕೆ ಉಳಿದ ಕೆಲಸ ಮಾಡುತ್ತದೆ. ತಪ್ಪು ಮಾಯವಾಗುವುದಿಲ್ಲ, ಕಿವಿಗೆ ಕೇಳುವ ಪಟ್ಟಿಯಿಂದ ನೂರಾರು ಕಿಲೋಹರ್ಟ್ಸ್‌ಗಳ ಕಡೆಗೆ ತಳ್ಳಲ್ಪಡುತ್ತದೆ. ಟೋಕಿಯೋದಲ್ಲಿ ಇನೋಸೆ, ಯಾಸುದಾ, ಮುರಾಕಮಿ 1962ರಲ್ಲಿ ಪ್ರಕಟಿಸಿದ ಉಪಾಯವಿದು. ಆಮೇಲೆ ಚಿಪ್ಪಿನೊಳಗಿನ ಡಿಜಿಟಲ್ ಫಿಲ್ಟರ್ ಮೇಲಿನದನ್ನೆಲ್ಲ ಕತ್ತರಿಸಿ 48 ಕಿಲೋಹರ್ಟ್ಸ್‌ಗೆ ಇಳಿಸುತ್ತದೆ.

ಆ ಡಿಜಿಟಲ್ ಫಿಲ್ಟರಿಗೆ ಒಂದು ಕುರುಡು ಜಾಗವಿದೆ: 6.144 ಮೆಗಾಹರ್ಟ್ಸ್ ಮತ್ತು ಅದರ ಗುಣಕಗಳ ಸುತ್ತ ಬಂದದ್ದೆಲ್ಲ ತಡೆಯಿಲ್ಲದೆ ಕೇಳುವ ಪಟ್ಟಿಗೆ ಮಡಚಿ ಬೀಳುತ್ತದೆ. ಅದನ್ನು ತಡೆಯುವುದು ಮೇಲಿನ ಎರಡು ಆರ್‌ಸಿಗಳ ಹೊಣೆ. 270 ಓಮ್ ಮತ್ತು 1 ಎನ್‌ಎಫ್ 590 ಕಿಲೋಹರ್ಟ್ಸ್‌ನಲ್ಲಿ ಇಳಿಯಲು ಶುರುಮಾಡುತ್ತದೆ. ಎರಡು 40 ಓಮ್ ಮತ್ತು 2.7 ಎನ್‌ಎಫ್ 737ರಲ್ಲಿ. ಸೇರಿ 6.144 ಮೆಗಾಹರ್ಟ್ಸ್‌ನಲ್ಲಿ ಸುಮಾರು 39 ಡಿಬಿ. ಸಾಕೆಟ್ಟಿನ ಬುಡದಲ್ಲಿ ಪ್ರತಿ ಕಾಲಿನಿಂದ ಕ್ಯಾಬಿನೆಟ್ಟಿಗೆ 100 ಪಿಎಫ್ ಇಟ್ಟರೆ ರೇಡಿಯೋ ತರಂಗಗಳೂ ಅಲ್ಲೇ ನಿಲ್ಲುತ್ತವೆ.

ರೆಫರೆನ್ಸ್, ಪವರ್

ಎಡಿಸಿ ಮಾಡುವುದು ಭಾಗಾಕಾರ: ಬಂದ ವೋಲ್ಟೇಜನ್ನು ರೆಫರೆನ್ಸ್‌ನಿಂದ ಭಾಗಿಸಿ ಅಂಕಿ ಕೊಡುತ್ತದೆ. ರೆಫರೆನ್ಸ್ ಅಲುಗಿದರೆ ಅಂಕಿ ಅಲುಗುತ್ತದೆ. ಫಿಲ್ಟ್+ ಎಂಬ ಕಾಲಿನಿಂದ ರೆಫ್‌ಗ್ರೌಂಡ್ ಕಾಲಿಗೆ 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಅದರ ಜೊತೆಗೆ 10 ಎನ್‌ಎಫ್ ಸಿ0ಜಿ. ಇಲ್ಲಿ ಜಾಗ ಉಳಿಸಲು 22 ಮೈಕ್ರೋಫ್ಯಾರಡ್ ಹಾಕಿದರೆ 1 ಕಿಲೋಹರ್ಟ್ಸ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. 20-40 ಹರ್ಟ್ಸ್‌ನಲ್ಲಿ ಡಿಸ್ಟಾರ್ಶನ್ ಏರಿರುತ್ತದೆ. ಪೈಪ್ ಆರ್ಗನ್ನಿಗೆ ಅದು ಹತ್ತುತ್ತದೆ. ಹೆಚ್ಚು ಮೈಕ್ರೋಫ್ಯಾರಡ್ಡಿನ ಎಕ್ಸ್7ಆರ್ ಸೆರಾಮಿಕ್ ಕೂಡ ಇಲ್ಲಿ ಬೇಡ, ಅದು ಪುಟ್ಟ ಮೈಕ್ರೋಫೋನ್ ಹಾಗೆ ವರ್ತಿಸುತ್ತದೆ. ಬೋರ್ಡಿಗೆ ಪೆನ್ಸಿಲ್ಲಿನಿಂದ ತಟ್ಟಿ ರೆಕಾರ್ಡಿಂಗ್ ಕೇಳಿ; ಟಕ್ ಟಕ್ ಕೇಳಿಸಿದರೆ ತಪ್ಪಿತಸ್ಥ ಅದೇ.

ಅನಲಾಗ್ 5 ವೋಲ್ಟ್‌ಗೆ ಎಲ್‌ಟಿ3045. ಅದರ ನಾಯ್ಸ್ 10 ಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ವರೆಗೆ 0.8 ಮೈಕ್ರೋವೋಲ್ಟ್. ಸೆಟ್ ಕಾಲಿನಿಂದ 100 ಮೈಕ್ರೋಆಂಪ್ ಹೊರಬರುತ್ತದೆ, ಹಾಗಾಗಿ 49.9 ಕಿಲೋಓಮ್ ಇಟ್ಟರೆ 4.99 ವೋಲ್ಟ್. ಸೆಟ್‌ಗೆ 4.7 ಮೈಕ್ರೋಫ್ಯಾರಡ್, ಔಟ್‌ಪುಟ್‌ಗೆ 10 ಮೈಕ್ರೋಫ್ಯಾರಡ್. ಎರಡರ ಗ್ರೌಂಡ್ ತುದಿಯೂ ಒಂದೇ ಬಿಂದುವಿನಲ್ಲಿ ಸೇರಲಿ. ಇನ್ನೊಂದು ಎಲ್‌ಟಿ3045 ಅನ್ನು 33.2 ಕಿಲೋಓಮ್‌ನೊಂದಿಗೆ ಆಸಿಲೇಟರಿಗೆ ಮೀಸಲಿಡಿ. ಡಿಜಿಟಲ್ 3.3ಕ್ಕೆ ಸಾದಾ 1117 ಸಾಕು. ±8 ವೋಲ್ಟ್‌ಗೂ ದುಬಾರಿ ರೆಗ್ಯುಲೇಟರ್ ಬೇಕಿಲ್ಲ, ಒಪಿಎ1632 ಸಪ್ಲೈ ನಾಯ್ಸನ್ನು ಚೆನ್ನಾಗಿಯೇ ತಡೆಯುತ್ತದೆ: ಎಲ್‌ಎಂ317, ಎಲ್‌ಎಂ337, 120 ಓಮ್ ಮತ್ತು 649 ಓಮ್, ಅಡ್ಜಸ್ಟ್ ಕಾಲಿಗೆ 10 ಮೈಕ್ರೋಫ್ಯಾರಡ್. ಎಲ್‌ಟಿ3045 ಎರಡೂ +8ರಿಂದಲೇ ಊಟ ಮಾಡಲಿ. ಆಗ ಬಿಸಿ ಎಲ್ಲ ಎಲ್‌ಎಂ317ರ ಮೇಲೆ ಬೀಳುತ್ತದೆ, ಅದಕ್ಕೊಂದು ಸಣ್ಣ ಹೀಟ್‌ಸಿಂಕ್.

ಟ್ರಾನ್ಸ್‌ಫಾರ್ಮರ್ 12-0-12, 15 ವಿಎ ಟೊರಾಯ್ಡ್. 9-0-9 ಸಾಕಲ್ಲವೇ ಎಂದರೆ, 230 ಇದ್ದಾಗ ಸಾಕು. ಸಂಜೆ ಹೊತ್ತು ಲೈನು 190ಕ್ಕೆ ಕುಸಿಯುವ ಊರುಗಳಲ್ಲಿ 9 ವೋಲ್ಟಿನ ಸುತ್ತು ರೆಕ್ಟಿಫೈ ಆಗಿ 9.1 ವೋಲ್ಟ್ ಕೊಡುತ್ತದೆ, ಎಲ್‌ಎಂ317 ಉಸಿರು ಬಿಡುತ್ತದೆ. 12ರಲ್ಲಿ ಆಗಲೂ ಹನ್ನೆರಡೂವರೆ ಉಳಿದಿರುತ್ತದೆ. ಫಿಲ್ಟರ್ ಕೆಪಾಸಿಟರ್ ಪ್ರತಿ ಬದಿಗೆ 2200 ಮೈಕ್ರೋಫ್ಯಾರಡ್, 35 ವೋಲ್ಟ್. ಟೊರಾಯ್ಡಿನ ನಡುವಿನ ಬೋಲ್ಟ್ ಕೆಳಗಿನ ತಗಡಿಗೂ ಮೇಲಿನ ಮುಚ್ಚಳಕ್ಕೂ ಒಟ್ಟಿಗೆ ತಾಗಬಾರದು. ತಾಗಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಟ್ರಾನ್ಸ್‌ಫಾರ್ಮರ್, ಕ್ಯಾಬಿನೆಟ್, ಸಾಕೆಟ್, 317-337 ಇವೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲೇ ಸಿಗುತ್ತವೆ. ಎಡಿಸಿ, ಒಪಿಎ1632, ಎಲ್‌ಟಿ3045, ಆಸಿಲೇಟರ್ ಈ ನಾಲ್ಕನ್ನು ಅಧಿಕೃತ ವಿತರಕರಿಂದ ತರಿಸಿ. ನಾಲ್ಕಾಣೆ ಉಳಿಸಲು ಹೋಗಿ ಮೇಲೆ ಹೆಸರು ಉಜ್ಜಿ ಬರೆದ ಚಿಪ್ಪು ಬಂದರೆ, ನಾಲ್ಕು ವಾರ ಬೋರ್ಡಿನಲ್ಲಿ ತಪ್ಪು ಹುಡುಕುವಂತಾಗುತ್ತದೆ.

ಕ್ಲಾಕ್ ಎಲ್ಲಿ ಕೂರಬೇಕು

20 ಕಿಲೋಹರ್ಟ್ಸ್‌ನ ಫುಲ್ ಸ್ಕೇಲ್ ಸ್ವರದಲ್ಲಿ 120 ಡಿಬಿ ಉಳಿಯಬೇಕಾದರೆ ಜಿಟರ್ (ಕ್ಲಾಕಿನ ಬಡಿತ ಹಿಂದುಮುಂದೆ ಅಲುಗುವುದು) 8 ಪಿಕೋಸೆಕೆಂಡ್ ಒಳಗಿರಬೇಕು. 1 ಕಿಲೋಹರ್ಟ್ಸ್‌ಗೆ 160 ಆದರೂ ನಡೆಯುತ್ತದೆ. ಒಳ್ಳೆಯ ಕ್ರಿಸ್ಟಲ್ ಆಸಿಲೇಟರಿಗೆ ಇದು ಕಷ್ಟದ ಗುರಿಯಲ್ಲ. ಕ್ರಿಸ್ಟೆಕ್ ಸಿಸಿಎಚ್‌ಡಿ-957, 24.576 ಮೆಗಾಹರ್ಟ್ಸ್, ಕೈಯಲ್ಲಿ ಬೆಸೆಯುವಷ್ಟು ದೊಡ್ಡದು. ಅದರ ಔಟ್‌ಪುಟ್‌ಗೆ 33 ಓಮ್ ಸರಣಿಯಲ್ಲಿ, ಎಡಿಸಿಗೆ ಕ್ಲಾಕ್ ಹೋಗುವ ಎಂಕ್ಲಾಕ್ ಕಾಲಿನಿಂದ 2 ಸೆಂ.ಮೀ. ಒಳಗೆ.

ಆಸಿಲೇಟರ್ ಯಾವುದು ಎಂಬುದಕ್ಕಿಂತ ಅದು ಐಸೋಲೇಟರಿನ ಯಾವ ಬದಿಯಲ್ಲಿದೆ ಎಂಬುದು ಹೆಚ್ಚು ಮುಖ್ಯ. ಯುಎಸ್‌ಬಿ ಬೋರ್ಡ್ ಕ್ಲಾಕ್ ಕೊಟ್ಟು ಎಡಿಸಿ ಹಿಂಬಾಲಿಸುವ ಹಾಗೆ ಮಾಡಿದರೆ, ಕ್ಲಾಕು ಐಸೋಲೇಟರ್ ದಾಟುವಾಗ ನೂರಾರು ಪಿಕೋಸೆಕೆಂಡ್ ಜಿಟರ್ ಹೊತ್ತು ತರುತ್ತದೆ. ಆಸಿಲೇಟರನ್ನು ಎಡಿಸಿಯ ಪಕ್ಕದಲ್ಲಿಟ್ಟು, ಎಡಿಸಿಯನ್ನೇ ಮಾಸ್ಟರ್ ಮಾಡಿ, ಯುಎಸ್‌ಬಿ ಬೋರ್ಡನ್ನು ಸ್ಲೇವ್ ಮಾಡಿ. ಆಗ ಐಸೋಲೇಟರ್ ದಾಟುವುದು ಅಳತೆ ಮುಗಿದ ಅಂಕಿಗಳು ಮಾತ್ರ. ಅವು ಅತ್ತಿತ್ತ ಸ್ವಲ್ಪ ಅಲುಗಿದರೂ ಅಂಕಿ ಅಂಕಿಯೇ. ಯುಎಸ್‌ಬಿ ಬೋರ್ಡ್ ಕೊಳ್ಳುವ ಮುನ್ನ ಹೊರಗಿನ ಕ್ಲಾಕಿಗೆ ಸ್ಲೇವ್ ಆಗಬಲ್ಲದೇ ಎಂದು ನೋಡಿಯೇ ಕೊಳ್ಳಿ, ಎಲ್ಲವೂ ಆಗುವುದಿಲ್ಲ. ಐಸೋಲೇಟರಿಗೆ ಐಎಸ್‌ಒ7741: ಮೂರು ಚಾನೆಲ್ ಹೊರಕ್ಕೆ, ಒಂದು ಒಳಕ್ಕೆ. 192ರಲ್ಲಿ ಬಿಟ್ ಕ್ಲಾಕ್ 12.288 ಮೆಗಾಹರ್ಟ್ಸ್, ಅದಕ್ಕಿದು ಧಾರಾಳ.

ಕ್ಲಾಕನ್ನು ಎರಡರಿಂದ ಭಾಗಿಸುವ ಎಂಡಿವ್ ಕಾಲನ್ನು ಮೇಲಕ್ಕೆ ಕಟ್ಟಿ. ದರ ಆರಿಸುವ ಕಾಲುಗಳಾದ ಎಂ1, ಎಂ0 ಎರಡೂ ಕೆಳಗಿದ್ದರೆ 48, ಎಂ0 ಮಾತ್ರ ಮೇಲಿದ್ದರೆ 96, ಎಂ1 ಮಾತ್ರ ಮೇಲಿದ್ದರೆ 192. ಸಿಡಿಗೆ 44.1 ಬೇಕಾದವರು 22.5792 ಮೆಗಾಹರ್ಟ್ಸ್ ಆಸಿಲೇಟರ್ ಹಾಕಬೇಕು. ಹಳೆಯ ವಿಡಿಯೋ ಟೇಪಿನಲ್ಲಿ ಸಾಲಿಗೆ 3 ಸ್ಯಾಂಪಲ್, 245 ಸಾಲು, ಸೆಕೆಂಡಿಗೆ 60 ಫೀಲ್ಡ್ ಎಂದು ಗುಣಿಸಿ ಬಂದ 44,100 ಇಂದಿಗೂ ಹೀಗೆ ಎರಡನೇ ಆಸಿಲೇಟರಿನ ಖರ್ಚು ಹಚ್ಚುತ್ತಿದೆ. 192ರ ವ್ಯಾಮೋಹದ ಬಗ್ಗೆ ಒಂದು ಮಾತು: ಆ ವೇಗದಲ್ಲಿ ಈ ಚಿಪ್ಪಿನ ಫಿಲ್ಟರ್ ಸಮತಟ್ಟಾಗಿರುವುದು ದರದ ಕಾಲುಭಾಗದಷ್ಟಕ್ಕೆ, 46 ಕಿಲೋಹರ್ಟ್ಸ್ ಸುತ್ತಮುತ್ತ. 96ರಲ್ಲಿ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ.

ರೀಸೆಟ್

ಎಲ್‌ಟಿ3045ರ ಸೆಟ್ ಕೆಪಾಸಿಟರ್ ತುಂಬಲು ಒಂದು ಸೆಕೆಂಡ್ ಹಿಡಿಯುತ್ತದೆ. ಡಿಜಿಟಲ್ 3.3 ಅಷ್ಟರಲ್ಲಿ ಎದ್ದು ಕೂತಿರುತ್ತದೆ. ರೀಸೆಟ್ ಕಾಲನ್ನು 3.3ಕ್ಕೆ ನೇರ ಕಟ್ಟಿದರೆ ಚಿಪ್ಪು ಅನಲಾಗ್ ಸಪ್ಲೈ ಇಲ್ಲದೆಯೇ ಓಡಲು ಶುರುಮಾಡುತ್ತದೆ. ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ. ಉಳಿದ ಎರಡು ಸಲ ಸದ್ದಿಲ್ಲ, ಇಲ್ಲವೇ ಗರಗರ. ಇಂಥ ದೋಷವೇ ತಲೆ ತಿನ್ನುವುದು. 47 ಕಿಲೋಓಮ್, 47 ಮೈಕ್ರೋಫ್ಯಾರಡ್, ಅದರ ಮುಂದೆ 74ಎಲ್‌ವಿಸಿ1ಜಿ17 ಷ್ಮಿಟ್ ಗೇಟ್. ಎರಡು ಸೆಕೆಂಡಿನಷ್ಟು ತಡ ಸಿಗುತ್ತದೆ. ರೆಸಿಸ್ಟರಿಗೆ ಅಡ್ಡಲಾಗಿ 1ಎನ್4148, ಕ್ಯಾಥೋಡ್ 3.3ರ ಕಡೆಗೆ. ಕರೆಂಟ್ ಹೋಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಾಗ ಕೆಪಾಸಿಟರ್ ಖಾಲಿಯಾಗಿರಬೇಕಲ್ಲ, ಅದಕ್ಕೆ. ರೆಫರೆನ್ಸಿನ 220 ಮೈಕ್ರೋಫ್ಯಾರಡ್ ಇನ್ನೂ ನಿಧಾನ. ಮೊದಲ ಅರ್ಧ ನಿಮಿಷದ ಅಳತೆಗಳನ್ನು ನಂಬಬೇಡಿ.

ಬೋರ್ಡ್, ಬೆಸುಗೆ, ಮೊದಲ ಕರೆಂಟ್

ನಾಲ್ಕು ಪದರದ ಬೋರ್ಡ್, ಎರಡನೇ ಪದರ ಪೂರ್ತಿ ಗ್ರೌಂಡ್. ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್ ಎಂದು ಸೀಳಬೇಡಿ. ಸೀಳಿದ ಮೇಲೆ ಅದರ ಮೇಲಿಂದ ಒಂದಲ್ಲ ಒಂದು ಟ್ರ್ಯಾಕ್ ಹಾಯಲೇಬೇಕಾಗುತ್ತದೆ, ಆ ಟ್ರ್ಯಾಕಿನ ಮರಳುವ ಕರೆಂಟ್ ಸುತ್ತಿ ಬಳಸಿ ಬರುತ್ತದೆ. ಚಿಪ್ಪಿನ ಒಂದು ಬದಿಯ ಕಾಲುಗಳೆಲ್ಲ ಡಿಜಿಟಲ್, ಇನ್ನೊಂದು ಬದಿಯಲ್ಲಿ ಹೆಚ್ಚಿನವು ಅನಲಾಗ್. ಭಾಗಗಳನ್ನು ಆಯಾ ಬದಿಗೆ ಜೋಡಿಸಿದರೆ ಗ್ರೌಂಡ್ ತಾನಾಗಿಯೇ ಹಂಚಿಹೋಗುತ್ತದೆ. ಎಕ್ಸ್‌ಎಲ್‌ಆರ್‌ನ 1ನೇ ಪಿನ್ (ಮೂರು ಪಿನ್ನಿನ ಇನ್‌ಪುಟ್ ಸಾಕೆಟ್ಟಿನಲ್ಲಿ ಕೇಬಲ್ಲಿನ ಶೀಲ್ಡ್ ಬರುವ ಪಿನ್) ಬೋರ್ಡಿಗೆ ಬರಕೂಡದು. ಸಾಕೆಟ್ಟಿನ ಬುಡದಲ್ಲೇ ಕ್ಯಾಬಿನೆಟ್ಟಿಗೆ ಗಿಡ್ಡ ತಂತಿ. ಬೋರ್ಡಿನ ಗ್ರೌಂಡ್ ಇನ್‌ಪುಟ್ ಹತ್ತಿರ ಒಂದೇ ಕಡೆ ಕ್ಯಾಬಿನೆಟ್ಟಿಗೆ ಸೇರಲಿ.

ಮೊದಲು ಪವರ್ ಭಾಗ ಮಾತ್ರ ಬೆಸೆಯಿರಿ. +8, −8, 5.0, 3.3 ಅಳೆದು, ಸರಿ ಇದ್ದರೆ ಮುಂದಕ್ಕೆ. ಆಮೇಲೆ ಎಡಿಸಿ ಮತ್ತು ಆಸಿಲೇಟರ್, ವಿಕ್ಯೂದಲ್ಲಿ 2.5, ಫಿಲ್ಟ್+ನಲ್ಲಿ 5ರ ಆಸುಪಾಸು ಬರಬೇಕು. ಕೊನೆಗೆ ಒಪಿಎ1632. ಅದರ ಎರಡೂ ಔಟ್‌ಪುಟ್ 2.5ರಲ್ಲಿದ್ದು, ಒಂದಕ್ಕೊಂದು ಕೆಲವೇ ಮಿಲಿವೋಲ್ಟ್ ವ್ಯತ್ಯಾಸವಿರಬೇಕು. ಬೆರಳಿಟ್ಟರೆ ಬೆಚ್ಚಗಿರುತ್ತದೆ. ಸುಡುತ್ತಿದ್ದರೆ ಅದು ಮೆಗಾಹರ್ಟ್ಸ್‌ಗಳಲ್ಲಿ ಕುಣಿಯುತ್ತಿದೆ ಎಂದರ್ಥ: ಸಪ್ಲೈ ಕಾಲುಗಳ ಬುಡದಲ್ಲಿ 100 ಎನ್‌ಎಫ್ ಇದೆಯೇ, 40 ಓಮ್ ಬಿಟ್ಟುಹೋಗಿದೆಯೇ ನೋಡಿ. ಬೆಸುಗೆಯಾದ ಮೇಲೆ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಯಿರಿ, ಮುಖ್ಯವಾಗಿ ವಿಕ್ಯೂ ಮತ್ತು ಸೆಟ್ ಕಾಲುಗಳ ಸುತ್ತ. ಮಳೆಗಾಲದಲ್ಲಿ ಉಳಿದ ಫ್ಲಕ್ಸ್ ತೇವ ಹೀರಿ ಸೋರತೊಡಗುತ್ತದೆ.

ತಪ್ಪು ಕಾಣುವ ಬಗೆ

ಸಣ್ಣ ಸದ್ದು ಚೆನ್ನಾಗಿದೆ ಆದರೆ 6 ಡಿಬಿ ಜೋರು, ದೊಡ್ಡ ಸದ್ದಿಗೆ ಪಟಪಟ ಒಡೆಯುತ್ತದೆ: ಎಡಿಸಿ ಲೆಫ್ಟ್-ಜಸ್ಟಿಫೈಡ್ (ಮೊದಲ ಬಿಟ್ ಐ2ಎಸ್‌ಗಿಂತ ಒಂದು ಬಡಿತ ಮುಂಚೆ ಬರುವ ಮಾದರಿ) ಕಳಿಸುತ್ತಿದೆ, ಯುಎಸ್‌ಬಿ ಬೋರ್ಡ್ ಐ2ಎಸ್ ಎಂದು ಓದುತ್ತಿದೆ. ಒಂದು ಬಿಟ್ ಎಡಕ್ಕೆ ಸರಿದು ಮೇಲಿನ ಬಿಟ್ ಕಳೆದುಹೋಗುತ್ತಿದೆ. ಇದರ ತಿರುಗುಮುರುಗಾದರೆ ಸಣ್ಣ ಸದ್ದೂ ಗುರುತು ಸಿಗದಷ್ಟು ಒಡೆದಿರುತ್ತದೆ.

ಎಫ್‌ಎಫ್‌ಟಿಯಲ್ಲಿ (ಸಂಕೇತವನ್ನು ಆವರ್ತನಗಳಾಗಿ ಬಿಡಿಸಿ ತೋರಿಸುವ ಲೆಕ್ಕ) 1 ಅಥವಾ 8 ಕಿಲೋಹರ್ಟ್ಸ್‌ನಲ್ಲಿ ಮುಳ್ಳು: ಯುಎಸ್‌ಬಿ ಫ್ರೇಮಿನ ಸದ್ದು. ಐಸೋಲೇಟರಿನ ಎರಡು ಗ್ರೌಂಡ್ ಎಲ್ಲೋ ಸೇರಿಕೊಂಡಿವೆ, ಬಹುತೇಕ ಯುಎಸ್‌ಬಿ ಸಾಕೆಟ್ಟಿನ ಲೋಹದ ಹೊದಿಕೆ ಕ್ಯಾಬಿನೆಟ್ಟಿಗೆ ತಾಗಿರುತ್ತದೆ.

50 ಮತ್ತು 150 ಹರ್ಟ್ಸ್‌ನಲ್ಲಿ ಮುಳ್ಳು: ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಬೋಲ್ಟ್ ಸಡಿಲಿಸಿ ಟೊರಾಯ್ಡನ್ನು ನಿಧಾನಕ್ಕೆ ತಿರುಗಿಸಿದರೆ ಒಂದು ಕೋನದಲ್ಲಿ ತಗ್ಗುತ್ತದೆ. 100, 200, 300 ಎಂದು ಬಾಚಣಿಗೆಯ ಹಾಗೆ ಬಂದರೆ ರೆಕ್ಟಿಫೈಯರಿನ ಚಾರ್ಜಿಂಗ್ ಕರೆಂಟ್ ಅನಲಾಗ್ ಗ್ರೌಂಡಿನ ಮೇಲೆ ಹಾಯುತ್ತಿದೆ. ಸೆಂಟರ್ ಟ್ಯಾಪನ್ನು ಮೊದಲು ಎರಡು ಫಿಲ್ಟರ್ ಕೆಪಾಸಿಟರ್ ಸೇರುವ ಬಿಂದುವಿಗೆ ತಂದು, ಅಲ್ಲಿಂದ ಬೋರ್ಡಿಗೆ ಬೇರೆ ತಂತಿ ಎಳೆಯಿರಿ.

ಫುಲ್ ಸ್ಕೇಲ್‌ಗೆ 4-5 ಡಿಬಿ ಮುಂಚೆಯೇ ಒಂದೇ ಬದಿಯಲ್ಲಿ ಕ್ಲಿಪ್: ವಿಒಸಿಎಂ 2.5ರಲ್ಲಿಲ್ಲ.

ಅಳತೆ

ಎಕ್ಸ್‌ಎಲ್‌ಆರ್ ಪ್ಲಗ್ಗಿನೊಳಗೆ 2 ಮತ್ತು 3ನ್ನು 1ಕ್ಕೆ ಬೆಸೆದು ಶಾರ್ಟ್ ಪ್ಲಗ್ ಮಾಡಿಕೊಳ್ಳಿ. 48 ಕಿಲೋಹರ್ಟ್ಸ್‌ನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, 20ರಿಂದ 20,000 ಹರ್ಟ್ಸ್‌ವರೆಗಿನ ಒಟ್ಟು ಆರ್‌ಎಂಎಸ್ ನೋಡಿ. −116, −117 ಬಂದರೆ ಕೆಲಸ ಆಯಿತು. ಸಾಫ್ಟ್‌ವೇರ್ 0 ಡಿಬಿಎಫ್‌ಎಸ್ (ಫುಲ್ ಸ್ಕೇಲ್) ಎಂದು ಸೈನ್ ಅಲೆಯನ್ನು ಹಿಡಿದಿದೆಯೋ ಸ್ಕ್ವೇರ್ ಅಲೆಯನ್ನೋ ನೋಡಿಕೊಳ್ಳಿ. ಎರಡಕ್ಕೂ 3 ಡಿಬಿ ಅಂತರ. ಪರದೆಯ ಮೇಲೆ ಎಫ್‌ಎಫ್‌ಟಿ ಗೆರೆ −158ರಲ್ಲಿ ಹರಿಯುವುದನ್ನು ಕಂಡು ಕುಣಿಯಬೇಡಿ. 65,536 ಬಿಂದುಗಳ ಎಫ್‌ಎಫ್‌ಟಿಯಲ್ಲಿ ಕೇಳುವ ಪಟ್ಟಿ 27,000 ಚೂರಾಗುತ್ತದೆ, ಪ್ರತಿ ಚೂರಿಗೂ 44 ಡಿಬಿ ಕಡಿಮೆ ಪಾಲು; ಬ್ಲ್ಯಾಕ್‌ಮನ್-ಹ್ಯಾರಿಸ್ ಕಿಟಕಿ 3 ಡಿಬಿ ವಾಪಸ್ ಸೇರಿಸುತ್ತದೆ. −117 ಇದ್ದ ನಾಯ್ಸ್ ಗೆರೆಯಾಗಿ −158ರಲ್ಲಿ ಕಾಣುವುದು ಹೀಗೆ.

ಡಿಸ್ಟಾರ್ಶನ್ ಅಳೆಯಲು 1 ಕಿಲೋಹರ್ಟ್ಸ್ ಒಂದೇ ಸಾಲದು. 6 ಕಿಲೋಹರ್ಟ್ಸ್ ಕೊಟ್ಟರೆ ಮೂರನೇ ಹಾರ್ಮೋನಿಕ್ 18ರಲ್ಲಿ ಬಿದ್ದು, ತಪ್ಪು ಕೆಪಾಸಿಟರ್ ಹಾಕಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. 30 ಹರ್ಟ್ಸ್ ಕೊಟ್ಟರೆ ರೆಫರೆನ್ಸ್ ಮತ್ತು ಇನ್‌ಪುಟ್ ಕೆಪಾಸಿಟರಿನ ಬಣ್ಣ ಬಯಲಾಗುತ್ತದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ಸಾಕೆಟ್ಟಿನಿಂದ ಈ ಪರೀಕ್ಷೆ ಮಾಡಿದರೆ ಕಾಣುವುದು ಲ್ಯಾಪ್‌ಟಾಪಿನ ಡಿಸ್ಟಾರ್ಶನ್.

ಗ್ರಾಮಫೋನ್ ಪ್ರೀಆಂಪ್ ಅಥವಾ ಟೇಪ್ ಡೆಕ್‌ನ ಆರ್‌ಸಿಎ ಔಟ್‌ಪುಟ್ ರೆಕಾರ್ಡ್ ಮಾಡುವವರಿಗೆ +19.6 ಡಿಬಿಯು ತೀರ ದೂರ; 2 ವೋಲ್ಟಿಗೇ ಫುಲ್ ಸ್ಕೇಲ್ ಬೇಕು. ಫೀಡ್‌ಬ್ಯಾಕ್ 270 ಓಮ್ ಜಾಗಕ್ಕೆ 1 ಕಿಲೋಓಮ್, 1 ಎನ್‌ಎಫ್ ಜಾಗಕ್ಕೆ 270 ಪಿಎಫ್ ಸಿ0ಜಿ ಹಾಕಿ. 590 ಕಿಲೋಹರ್ಟ್ಸ್ ಹಾಗೆಯೇ ಉಳಿಯುತ್ತದೆ. ಇನ್‌ಪುಟ್ ಹಂತದ ನಾಯ್ಸ್ 1.2 ಮೈಕ್ರೋವೋಲ್ಟ್‌ಗೆ ಏರಿ ಮುಕ್ಕಾಲು ಡಿಬಿ ಕಳೆಯುತ್ತೀರಿ, ಟೇಪಿನ ಹಿಸ್ ಎದುರು ಅದು ಲೆಕ್ಕಕ್ಕಿಲ್ಲ. ಆರ್‌ಸಿಎ ಕೇಬಲ್ಲಿಗೆ ಎರಡು ಎಳೆಯ ಶೀಲ್ಡೆಡ್ ತಂತಿ ಬಳಸಿ: ಬಿಸಿ ಎಳೆ 2ಕ್ಕೆ, ತಣ್ಣನೆಯ ಎಳೆ 3ಕ್ಕೆ, ಶೀಲ್ಡ್ 1ಕ್ಕೆ. ತಣ್ಣನೆಯ ಎಳೆಯನ್ನೂ ಶೀಲ್ಡನ್ನೂ ಡೆಕ್ ಬದಿಯ ಆರ್‌ಸಿಎ ಪ್ಲಗ್ಗಿನಲ್ಲಿ ಒಟ್ಟಿಗೆ ಬೆಸೆಯಬೇಕು, ಎಡಿಸಿ ಬದಿಯಲ್ಲಿ ಸೇರಿಸಬಾರದು.